ಇರುವೆಯ ತಲೆ ಹೊಕ್ಕ ಹುಳು: ಸೃಷ್ಟಿವಾದಿಗಳ ಉತ್ತರ ಸಾಕಾ?

(ತೆರೆಯ ಮೇಲೆ: ಹುಲ್ಲಿನ ತುದಿ ಕಚ್ಚಿ ನಿಂತ ಇರುವೆ)

ಈ ಇರುವೆಯನ್ನು ನೋಡಿ. ಸಂಜೆ ತಂಪಾದ ಕೂಡಲೇ ಹುಲ್ಲು ಹತ್ತಿ, ತುದಿಯನ್ನು ಕಚ್ಚಿ ನಿಂತುಬಿಡುತ್ತದೆ. ಬಿಸಿಲೇರಿದರೆ ಇಳಿದು ತನ್ನ ಪಾಡಿಗೆ ಹೋಗುತ್ತದೆ. ಸಂಜೆ ಮತ್ತೆ ಅದೇ ಹುಲ್ಲು, ಅದೇ ಕಚ್ಚು.

ಇದರೊಳಗೆ ಲ್ಯಾನ್ಸೆಟ್ ಫ್ಲೂಕ್ ಎಂಬ ಚಪ್ಪಟೆ ಹುಳುವಿನ ಮರಿಗಳಿವೆ. ಬೆಳೆದ ಹುಳು ಇರುವುದು ಕುರಿ, ದನಗಳ ಪಿತ್ತನಾಳದಲ್ಲಿ. ಮೊಟ್ಟೆ ಸಗಣಿಯ ಜೊತೆ ಹೊರಗೆ ಬರುತ್ತದೆ. ಅದನ್ನು ಬಸವನಹುಳು ತಿನ್ನುತ್ತದೆ. ಅದು ಹೊರಹಾಕುವ ಲೋಳೆಯ ಉಂಡೆಯಲ್ಲಿ ಮರಿಗಳು ಆಚೆ ಬರುತ್ತವೆ, ಆ ಉಂಡೆಯನ್ನು ಇರುವೆ ತಿನ್ನುತ್ತದೆ. ಹೆಚ್ಚಿನ ಮರಿಗಳು ಇರುವೆಯ ಹೊಟ್ಟೆಯಲ್ಲೇ ಉಳಿಯುತ್ತವೆ. ಸಾಮಾನ್ಯವಾಗಿ ಒಂದೇ ಒಂದು ಮರಿ ತಲೆಯ ನರಗಂಟಿಗೆ ಹೋಗಿ ಕೂರುತ್ತದೆ. ಹುಲ್ಲು ಹತ್ತಿಸುವುದು ಅದೇ. ಆದರೆ ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರಿದಾಗ ಬೆಳೆಯುವುದು ಹೊಟ್ಟೆಯಲ್ಲಿದ್ದ ಮರಿಗಳು ಮಾತ್ರ. ತಲೆಯಲ್ಲಿದ್ದದ್ದು ಬೆಳೆಯುವುದೇ ಇಲ್ಲ!

ಇಂಥದ್ದನ್ನು ಒಳ್ಳೆಯ ದೇವರು ಬೇಕೆಂದೇ ಮಾಡಿದನಾ? 1860ರಲ್ಲಿ ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲೂ ಈ ಸಂಕಟವಿದೆ. ಅವರನ್ನು ಕಾಡಿದ್ದು ಕಂಬಳಿಹುಳುವನ್ನು ಜೀವಂತವಾಗಿ ಒಳಗಿನಿಂದ ತಿನ್ನುವ ಕಣಜದ ಮರಿ.

ಬೈಬಲ್ ನಂಬುವ ಸೃಷ್ಟಿವಾದಿಗಳಲ್ಲಿ ಅನೇಕರು ಹೀಗೆ ಹೇಳುತ್ತಾರೆ: ಮೊದಲ ಸೃಷ್ಟಿ ಒಳ್ಳೆಯದೇ ಆಗಿತ್ತು. ಆದಾಮನ ಪಾಪದ ನಂತರ ಕೆಟ್ಟಿತು. ಸ್ವತಂತ್ರವಾಗಿದ್ದ ಜೀವಿಗಳು ಶಕ್ತಿ ಕಳೆದುಕೊಂಡು ಬೇರೆಯವರ ಮೈ ಸೇರಿದವು.

ಇದನ್ನು ಸುಮ್ನೆ ತಳ್ಳಿಹಾಕಬಾರದು. ಲಾಡಿಹುಳುವಿಗೆ ಬಾಯಿಲ್ಲ, ಕರುಳಿಲ್ಲ, ಮೈಯಿಂದಲೇ ಆಹಾರ ಹೀರುತ್ತದೆ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಮನುಷ್ಯನ ಕರುಳಲ್ಲೂ ಬದುಕುತ್ತದೆ, ಮಣ್ಣಿನಲ್ಲಿ ಸ್ವತಂತ್ರವಾಗಿಯೂ ಒಂದು ತಲೆಮಾರು ಕಳೆಯಬಲ್ಲದು. ಪರಾವಲಂಬಿಗಳ ಪೂರ್ವಜರು ಸ್ವತಂತ್ರರಾಗಿದ್ದರು ಎಂದು ಜೀವವಿಜ್ಞಾನವೂ ಹೇಳುತ್ತದೆ.

ನಾನು ಒಪ್ಪದಿರುವುದು 'ಬರೀ ಕಳೆದುಕೊಂಡವು' ಎನ್ನುವ ಮಾತನ್ನು. ಲಾಡಿಹುಳುವಿನ ಕರುಳು ಹೋಯಿತು, ಸರಿ. ಕರುಳಿಗೆ ಕಚ್ಚಿಕೊಳ್ಳುವ ಕೊಕ್ಕೆ ಎಲ್ಲಿಂದ ಬಂತು? ಇರುವೆಯ ನರಗಂಟಿಯನ್ನು ಹುಡುಕಿ ಹೋಗುವುದು ನಷ್ಟವಲ್ಲ ಅಲ್ವಾ, ಗಳಿಕೆ.

(ತೆರೆಯ ಮೇಲೆ: ಮಲೇರಿಯಾ ಪರಾವಲಂಬಿಯ ಚಿತ್ರ)

ಮಲೇರಿಯಾ ಪರಾವಲಂಬಿ ನನಗೆ ಇನ್ನೂ ಜಾಸ್ತಿ ಬೆರಗು ಹುಟ್ಟಿಸುತ್ತದೆ. ಅದರ ಜೀವಕೋಶದೊಳಗೆ ಪಾಚಿಯ ಕ್ಲೋರೋಪ್ಲಾಸ್ಟ್‌ನ (ಬಿಸಿಲಿನಿಂದ ಆಹಾರ ಮಾಡುವ ಭಾಗ) ಅವಶೇಷವಿದೆ, ತನ್ನದೇ ಡಿಎನ್‌ಎ ಸಮೇತ. ಬಿಸಿಲಿನಿಂದ ಆಹಾರ ಮಾಡುವ ಕೆಲಸ ನಿಂತುಹೋಗಿದೆ. ಆದರೂ ಬೇರೆ ಕೆಲಸಗಳಿಗೆ ಅದು ಬೇಕೇ ಬೇಕು. ಸೃಷ್ಟಿಯಾಗಿ ಕೆಲವೇ ಸಾವಿರ ವರ್ಷಗಳಾದವು ಎನ್ನುತ್ತಾರೆ ಸೃಷ್ಟಿವಾದಿಗಳಲ್ಲಿ ಹಲವರು. ಅಷ್ಟರಲ್ಲಿ ನಡೆಯುವ ಬದಲಾವಣೆ ಇದಲ್ಲ. ಮಲೇರಿಯಾ ಪರಾವಲಂಬಿಯ ದೂರದ ನೆಂಟ, ಕ್ರೊಮೆರಾ ಎಂಬ ಏಕಕೋಶ ಪಾಚಿಯ ವಿವರ 2008ರಲ್ಲಿ ಪ್ರಕಟವಾಯಿತು. ಸಿಕ್ಕಿದ್ದು ಸಿಡ್ನಿ ಬಂದರಿನ ಹವಳದಲ್ಲಿ. ಅದು ಇಂದಿಗೂ ಬಿಸಿಲಿನಿಂದಲೇ ಆಹಾರ ತಯಾರಿಸುತ್ತದೆ.