ಪಟದಲ್ಲಿ ಕಾಣದ ಅಳುಕು

ಕೇಳುಗರಿಗೆ ನಮಸ್ಕಾರ.

ನನ್ನ ಅಕ್ಕನ ಮಗಳಿಗೆ ಈಗ ಇಪ್ಪತ್ತೊಂದು. ಮೊನ್ನೆ ಊಟಕ್ಕೆ ಕುಳಿತಾಗ ಅವಳ ಅಜ್ಜಿ, "ಇವಳು ಮೊಬೈಲಿನಲ್ಲಿ ಒಂದು ಥರ, ಮನೆಯಲ್ಲಿ ಇನ್ನೊಂದು ಥರ" ಎಂದು ಗೊಣಗಿದರು. ಜಾಲತಾಣದಲ್ಲಿ ಹುಡುಗರೆಲ್ಲ ವೇಷ ಕಟ್ಟುತ್ತಾರೆ ಎಂಬ ಗುಮಾನಿ ನನಗೂ ಇತ್ತು.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಗುಮಾನಿಯನ್ನೇ ಒರೆಗೆ ಹಚ್ಚಿತು. ಅಮೆರಿಕ ಮತ್ತು ಜರ್ಮನಿಯ 236 ಮಂದಿ, 17ರಿಂದ 22 ವರ್ಷದವರು. ಅವರ ನಿಜವಾದ ಸ್ವಭಾವ ಎಂಥದು, ತಾವು ಹೇಗಿರಬೇಕೆಂದು ಅವರಿಗೆ ಆಸೆ, ಎರಡನ್ನೂ ಸಂಶೋಧಕರು ಬರೆದಿಟ್ಟುಕೊಂಡರು. ಬಳಿಕ, ಅವರ ಪರಿಚಯವೇ ಇಲ್ಲದವರಿಗೆ ಅವರ ಜಾಲತಾಣದ ಪುಟಗಳನ್ನು ತೋರಿಸಿ, "ಇವರು ಎಂಥವರು?" ಎಂದು ಕೇಳಿದರು. ಅಪರಿಚಿತರ ಊಹೆ ಹೊಂದಿಕೊಂಡದ್ದು ಆಸೆಯೊಂದಿಗಲ್ಲ, ನಿಜದೊಂದಿಗೆ. ಮಾತುಗಾರರು ಪುಟದಲ್ಲೂ ಮಾತುಗಾರರೇ.

2015ರಲ್ಲಿ ಕೇಂಬ್ರಿಜ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದರು. ಅದರ ಕೈಗೆ ಕೊಟ್ಟದ್ದು ಒಬ್ಬರು ಫೇಸ್‌ಬುಕ್ಕಿನಲ್ಲಿ ತಾವೇ ಒತ್ತಿದ ಲೈಕುಗಳನ್ನು ಮಾತ್ರ. ಹತ್ತು ಲೈಕು ಸಿಕ್ಕರೆ ಸಹೋದ್ಯೋಗಿಗಿಂತ, ಎಪ್ಪತ್ತು ಸಿಕ್ಕರೆ ಗೆಳೆಯನಿಗಿಂತ, ನೂರೈವತ್ತಕ್ಕೆ ಮನೆಯವರಿಗಿಂತ ಚೆನ್ನಾಗಿ ಅದು ಸ್ವಭಾವವನ್ನು ಅಳೆಯಿತು. ಮುನ್ನೂರು ಸಿಕ್ಕರೆ ಗಂಡ ಅಥವಾ ಹೆಂಡತಿಗಿಂತಲೂ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿರುವ ನನಗೆ ಈ ಲೆಕ್ಕ ಅಷ್ಟೇನೂ ಹಿಡಿಸಲಿಲ್ಲ, ಬಿಡಿ.

ಮನೋವಿಜ್ಞಾನಿಗಳು ಸ್ವಭಾವವನ್ನು ಅಳೆಯುವುದು ಐದು ಎಳೆಗಳಲ್ಲಿ: ಹೊಸದರ ಹಂಬಲ, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವಿಕೆ, ಮತ್ತೆ ಆತಂಕ. ಮೊದಲು ಹೇಳಿದ ಅಧ್ಯಯನದಲ್ಲಿ ಅಪರಿಚಿತರು ಬೆರೆಯುವ ಗುಣವನ್ನೂ ಹೊಸದರ ಹಂಬಲವನ್ನೂ ಸಲೀಸಾಗಿ ಗುರುತಿಸಿದರು. ಅವರಿಗೆ ಎಟುಕದೆ ಉಳಿದದ್ದು ಆತಂಕ. ಅದು ಪಟದಲ್ಲಿ ಬೀಳುವುದಿಲ್ಲ.

ಅದು ಬೀಳುವುದು ಊಟದ ತಟ್ಟೆಯ ಪಕ್ಕದಲ್ಲಿ. ಆ ದಿನ ಬೆಳಿಗ್ಗೆ ಹುಡುಗಿ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ನಗುತ್ತಾ ನಿಂತ ಪಟವೊಂದನ್ನು ಹಾಕಿದ್ದಳು. ಯಾರು ನೋಡಿದರೂ ಗೆಲುವಾದ ಹುಡುಗಿ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಮೊಬೈಲನ್ನು ಬೋರಲು ಹಾಕಿಟ್ಟು, ಸಾರನ್ನ ಮುಗಿಸಿ ಮೊಸರನ್ನಕ್ಕೆ ಬರುವಷ್ಟರಲ್ಲಿ ಎಡಗೈಯಿಂದ ನಾಲ್ಕು ಸಲ ಮಗುಚಿ ನೋಡಿದಳು. ಎಷ್ಟು ಲೈಕು ಬಂತೆಂದು ನಾನು ಕೇಳಲಿಲ್ಲ. ಸಂಜೆ ನೋಡಿದರೆ ಆ ಪಟವೇ ಅಲ್ಲಿರಲಿಲ್ಲ.