ಊಟದ ಹೊತ್ತು ಕಳೆದುಹೋದಾಗ

ಕೇಳುಗರಿಗೆ ನಮಸ್ಕಾರ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಜಾಗತಿಕ ಪಿಡುಗಾಗಿದೆ ಎಂದು ಸಾರಿತು. ನೋಡುನೋಡುತ್ತಿದ್ದಂತೆ ದೇಶದೇಶಗಳ ವಿಶ್ವವಿದ್ಯಾಲಯಗಳು ಬಾಗಿಲು ಹಾಕಿದವು. ಪಾಠ ಮೊಬೈಲಿನ ಪರದೆಗೆ ಬಂತು, ಪರೀಕ್ಷೆಯೂ ಬಂತು. ವಿದ್ಯಾರ್ಥಿಗಳ ಊಟದ ಹೊತ್ತು ಮಾತ್ರ ಎಲ್ಲೋ ಕಳೆದುಹೋಯಿತು.

ಆಗ ಅವರು ಹೊತ್ತುಗೊತ್ತಿಲ್ಲದೆ ತಿಂದರು, ಅವರಿಗೆ ಶಿಸ್ತೇ ಇಲ್ಲ ಎಂದು ದೂರುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜು ನಡೆಯುತ್ತಿದ್ದಾಗ ಬೆಳಗಿನ ತರಗತಿಗೆ ಏಳಲೇಬೇಕು. ಭೋಜನಾಲಯ ಮುಚ್ಚುವುದರೊಳಗೆ ಹೋಗಲೇಬೇಕು. ಗೆಳೆಯರು ಊಟಕ್ಕೆ ಎದ್ದರೆ ತಾನೂ ಏಳಬೇಕು. ಹೀಗೆ ಅವರ ಹೊಟ್ಟೆಗೊಂದು ವೇಳಾಪಟ್ಟಿಯನ್ನು ಸುತ್ತಲಿನ ಬದುಕೇ ಕಟ್ಟಿಕೊಟ್ಟಿತ್ತು. ಅದು ಕೆಲವೇ ದಿನಗಳಲ್ಲಿ ಕುಸಿದುಬಿದ್ದರೆ, ಒಂಟಿ ಕೋಣೆಯಲ್ಲಿ ಕುಳಿತ ಹತ್ತೊಂಬತ್ತರ ಹುಡುಗಿ ಅದನ್ನು ಒಬ್ಬಳೇ ಮತ್ತೆ ಎತ್ತಿ ನಿಲ್ಲಿಸಬೇಕೇ?

ನಮ್ಮ ಮಿದುಳಿನಲ್ಲಿರುವ ಗಡಿಯಾರ ಹಗಲಿನ ಬೆಳಕಿಗೆ ಹೊಂದಿಕೊಂಡು ನಡೆಯುತ್ತದೆ. ಯಕೃತ್ತಿಗೂ ತನ್ನದೇ ಗಡಿಯಾರವಿದೆ. ಅದು ಬಹುಮಟ್ಟಿಗೆ ಊಟದ ಹೊತ್ತನ್ನು ಅನುಸರಿಸುತ್ತದೆ. ರಾತ್ರಿ ಎರಡು ಗಂಟೆಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ಮಧ್ಯಾಹ್ನ ಎದ್ದು ಬರಿಯ ಕಾಫಿ ಕುಡಿದರೆ ಈ ಎರಡರ ತಾಳ ತಪ್ಪುತ್ತದೆ. ನಿದ್ದೆಗೆಟ್ಟಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುವುದೂ, ಸಾಕು ಎನ್ನುವ ಲೆಪ್ಟಿನ್ ಎಂಬ ಹಾರ್ಮೋನು ಕುಗ್ಗುವುದೂ ಪ್ರಯೋಗಗಳಲ್ಲಿ ಕಂಡುಬಂದಿವೆ. ಸಂಜೆ ಕುಡಿದ ಕಾಫಿಯ ಕೆಫೀನ್ ದೇಹದಲ್ಲಿ ಅರ್ಧದಷ್ಟಾಗಲು ಸುಮಾರು 5 ಗಂಟೆ ಬೇಕು. ನಿದ್ದೆ ಇನ್ನಷ್ಟು ದೂರ, ತಿಂಡಿ ಇನ್ನಷ್ಟು ಹತ್ತಿರ. ಇದರ ಮೇಲೆ ಪರೀಕ್ಷೆಯ ಆತಂಕ, ಮನೆಯವರ ಆರೋಗ್ಯದ ಚಿಂತೆ. ಆತಂಕದಲ್ಲಿ ಕೆಲವರ ಕೈ ಸಿಹಿಯತ್ತ ಹೋದರೆ, ಇನ್ನು ಕೆಲವರಿಗೆ ತುತ್ತೇ ಇಳಿಯುವುದಿಲ್ಲ.

ಮನೆ ಸೇರಿದ ಹಲವರು ಒಲೆಯ ಮುಂದೆ ನಿಂತು ಅಡುಗೆ ಕಲಿತರು, ತರಕಾರಿಯನ್ನು ಮೊದಲಿಗಿಂತ ಹೆಚ್ಚು ತಿಂದರು. ಅದು ಸಂತೋಷದ ಮಾತೇ. ನನ್ನನ್ನು ಕಾಡುವವರು ಬೇರೆ ಊರಿನ ಕೋಣೆಗಳಲ್ಲಿ ಸಿಕ್ಕಿಕೊಂಡವರು. ಓದಿನ ನಡುವೆ ಅವರು ಮಾಡುತ್ತಿದ್ದ ಸಣ್ಣ ಕೆಲಸ ಹೋಗಿತ್ತು, ಭೋಜನಾಲಯ ಮುಚ್ಚಿತ್ತು. ಅಗ್ಗವಾಗಿ ಸಿಗುವುದು, ಬೇಗ ಕೆಡದಿರುವುದು, ಬಿಸಿನೀರು ಹಾಕಿದರೆ ಬೇಯುವುದು — ಇಷ್ಟೇ ಅವರ ಆಯ್ಕೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಅವರ ಮುಂದೆ ಓದಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಬಾಗಿಲಿಗೆ ಬರುವ ಒಂದು ಹೊತ್ತಿನ ಬಿಸಿ ಊಟ. ಮುಂದೆ ಎಂದಾದರೂ ಕಾಲೇಜುಗಳನ್ನು ಮುಚ್ಚುವ ಸಂದರ್ಭ ಬಂದರೆ, ಪಾಠದ ಏರ್ಪಾಡಿಗೆ ಮೊದಲು ಇದರ ಏರ್ಪಾಡಾಗಬೇಕು.

ದೂರದಲ್ಲಿ ಓದುವ ಮಕ್ಕಳಿರುವ ತಂದೆತಾಯಿಯರಲ್ಲಿ ಒಂದು ಕೋರಿಕೆ. ಊಟ ಆಯಿತೇ ಎಂದು ಕೇಳಿದರೆ ಆಯಿತು ಎಂದೇ ಉತ್ತರ ಬರುತ್ತದೆ. ನಿಮ್ಮನ್ನು ನೋಯಿಸಲು ಅವರಿಗೆ ಇಷ್ಟವಿರುವುದಿಲ್ಲ. ಎಷ್ಟು ಗಂಟೆಗೆ ಊಟ ಮಾಡಿದೆ, ಜೊತೆಗೆ ಯಾರಿದ್ದರು ಎಂದು ಕೇಳಿ. ಉತ್ತರ ತಡವಾದರೆ ಫೋನ್ ಇಡಬೇಡಿ.