ಕಾಜಾಕ್ಕೆ ಸಿಕ್ಕಿಕೊಂಡ ಗುಂಡಿ

ಕೇಳುಗರಿಗೆ ನಮಸ್ಕಾರ.

ರೋಮಿನ ಬೋರ್ಗೀಸ್ ಗ್ಯಾಲರಿಯಲ್ಲಿ ದಪ್ಪಗಿನ ಒಬ್ಬ ಕಾರ್ಡಿನಲ್, ಅಂದರೆ ಪೋಪ್ ನಂತರದ ದರ್ಜೆಯ ಪಾದ್ರಿ, ಇದ್ದಾರೆ. ಹೆಸರು ಶಿಪಿಯೋನೆ ಬೋರ್ಗೀಸ್. ಅಮೃತಶಿಲೆಯಲ್ಲಿ ಕೆತ್ತಿದ ಎದೆಮಟ್ಟದ ಮೂರ್ತಿ. ಬಾಯಿ ಅರೆ ತೆರೆದಿದೆ, ಏನೋ ಹೇಳಲು ಹೊರಟ ಹಾಗೆ. ಎದೆಯ ಮೇಲೆ ಒಂದು ಗುಂಡಿ ಕಾಜಾದೊಳಗೆ ಪೂರ್ತಿ ಹೋಗಿಲ್ಲ, ಅರ್ಧಕ್ಕೇ ಸಿಕ್ಕಿಕೊಂಡಿದೆ. ದೊಡ್ಡವರ ಮೂರ್ತಿಯಲ್ಲಿ ಯಾರಾದರೂ ಇಂಥದ್ದನ್ನು ಕೆತ್ತುತ್ತಾರಾ? 1632ರಲ್ಲಿ ಇಟಲಿಯ ಶಿಲ್ಪಿ ಜಾನ್ ಲೊರೆಂಜೊ ಬರ್ನಿನಿ ಕೆತ್ತಿದ.

ಈ ಮೂರ್ತಿ ಮುಗಿಯುವ ಹೊತ್ತಿಗೆ ಹಣೆಗೆ ಅಡ್ಡಲಾಗಿ ಕಲ್ಲಿನಲ್ಲೇ ಒಂದು ಸೀಳು ಕಾಣಿಸಿತಂತೆ. ಬರ್ನಿನಿ ಗುಟ್ಟಾಗಿ ಇನ್ನೊಂದನ್ನು ಕೆತ್ತಿದ. ಮೊದಲು ಸೀಳಿದ್ದನ್ನೇ ತೋರಿಸಿ, ಕಾರ್ಡಿನಲ್ ಮುಖ ಬಾಡಿದ್ದನ್ನು ನೋಡಿ, ಆಮೇಲೆ ಎರಡನೆಯದರ ಮುಸುಕು ತೆಗೆದ ಅಂತ ಅವನ ಜೀವನ ಬರೆದವರು ಹೇಳುತ್ತಾರೆ. ನಾಟಕದ ಮನುಷ್ಯ! ಎರಡೂ ಮೂರ್ತಿ ಇವತ್ತಿಗೂ ಅಲ್ಲೇ ಇವೆ.

ಬರ್ನಿನಿಯ ಕಾಲದ ಈ ಶೈಲಿಗೆ ಬರೋಕ್ ಅಂತ ಹೆಸರು. ಬರೋಕ್ ಶಿಲ್ಪ ಅಂದರೆ ಏನು ಅಂತ ಕೇಳಿದರೆ ನಾನು ಮೊದಲು ಆ ಗುಂಡಿ ತೋರಿಸುತ್ತೇನೆ. ಇನ್ನೂ ಮುಗಿಯದ ಒಂದು ಕೆಲಸ, ಕಲ್ಲಿನಲ್ಲಿ.

ಫ್ಲಾರೆನ್ಸಿನಲ್ಲಿರುವ ಮೈಕೆಲಾಂಜೆಲೊನ ಡೇವಿಡ್ ನಿಮಗೆ ಗೊತ್ತು. 17 ಅಡಿ ಎತ್ತರ, ಸುಮ್ನೆ ನಿಂತು ದೂರ ನೋಡುತ್ತಾನೆ. ಸುಮಾರು 120 ವರ್ಷದ ನಂತರ ಬರ್ನಿನಿ ಮಾಡಿದ ಡೇವಿಡ್ ನಮ್ಮ ನಿಮ್ಮಷ್ಟೇ ಎತ್ತರ. ಸೊಂಟ ತಿರುಚಿದ್ದಾನೆ, ತುಟಿ ಕಚ್ಚಿದ್ದಾನೆ, ಕವಣೆಕಲ್ಲು ಇನ್ನೇನು ಹೊರಡಬೇಕು. ಬೈಬಲ್ ಕಥೆಯಲ್ಲಿ ಅವನು ಕಲ್ಲು ಬೀಸುವ ದೈತ್ಯ ಗೊಲಿಯಾತ್ ಎಲ್ಲಿ? ನಮ್ಮ ಬೆನ್ನ ಹಿಂದೆ. ನೋಡುತ್ತಾ ನಿಂತವರು ಸ್ವಲ್ಪ ಪಕ್ಕಕ್ಕೆ ಸರಿಯುವುದು ಒಳ್ಳೆಯದು, ಅಲ್ವಾ?

ರೋಮಿನ ಅದೇ ಬೋರ್ಗೀಸ್ ಗ್ಯಾಲರಿಯಲ್ಲಿ ಅಪೊಲೊ ಮತ್ತು ಡಾಫ್ನೆ ಇದ್ದಾರೆ. ಬರ್ನಿನಿ ಇದನ್ನು ಶುರುಮಾಡಿದ್ದು 1622ರಲ್ಲಿ, ಇಪ್ಪತ್ತು ದಾಟಿದ ಹುಡುಗನಾಗಿ. ಅಟ್ಟಿಸಿಕೊಂಡು ಬಂದ ದೇವರಿಂದ ತಪ್ಪಿಸಿಕೊಳ್ಳಲು ಹುಡುಗಿ ಮರವಾಗುವ ಗ್ರೀಕ್ ಪುರಾಣದ ಕಥೆ. ಓಡುತ್ತಿದ್ದ ಕಾಲಿನ ಬೆರಳಿಂದ ಬೇರು ಇಳಿದಿದೆ. ಮೇಲೆತ್ತಿದ ಕೈಬೆರಳು ಎಲೆಯಾಗಿವೆ. ಅಪೊಲೊನ ಕೈ ಅವಳ ಸೊಂಟಕ್ಕೆ ತಾಕಿದೆ, ಆದರೆ ಹತ್ತಿರ ಹೋಗಿ ನೋಡಿದರೆ ಅವನ ಬೆರಳಿಗೆ ಸಿಕ್ಕಿರುವುದು ಚರ್ಮವಲ್ಲ, ತೊಗಟೆ. ಒಂದೇ ಕಲ್ಲು. ಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದಾರೆ, ತೊಗಟೆಯನ್ನು ಒರಟಾಗಿ ಬಿಟ್ಟಿದ್ದಾರೆ. ಎಲೆಗಳು ಎಷ್ಟು ತೆಳು ಅಂದರೆ ಬೆಳಕು ಹಾಯುತ್ತದೆ. ಆ ನಾಜೂಕು ಎಲೆ ಕೆಲಸದಲ್ಲಿ ಜಾಸ್ತಿ ಪಾಲು ಜೂಲಿಯಾನೊ ಫಿನೆಲ್ಲಿ ಎಂಬ ಸಹಾಯಕನದು. ಹೆಸರು ಬಂದಿದ್ದು ಮಾತ್ರ ಯಜಮಾನನಿಗೆ. ಫಿನೆಲ್ಲಿ ಆಮೇಲೆ ಕೆಲಸ ಬಿಟ್ಟು ಹೋದ. ಹೋಗದೆ ಇನ್ನೇನು ಮಾಡುತ್ತಾನೆ!

ಈ ಶೈಲಿ ಬೆಳೆದದ್ದಕ್ಕೆ ಚರ್ಚಿನ ಹಣವೂ ಒಂದು ಕಾರಣ. ಪ್ರಾಟೆಸ್ಟಂಟರು ಬೇರೆಯಾದ ಮೇಲೆ ಕ್ಯಾಥೊಲಿಕ್ ಚರ್ಚಿಗೆ ಭಕ್ತರ ಮನಸ್ಸು ಕಲಕುವ ಶಿಲ್ಪ ಬೇಕಿತ್ತು. ರೋಮಿನ ಒಂದು ಚರ್ಚಿನಲ್ಲಿ ಸ್ಪೇನಿನ ಸಂತ ತೆರೇಸಾಳ ಮೂರ್ತಿಯ ಮೇಲೆ ಬರ್ನಿನಿ ಕಾಣದ ಹಾಗೆ ಒಂದು ಕಿಟಕಿ ಇಟ್ಟ. ಬೆಳಕು ಎಲ್ಲಿಂದ ಬೀಳುತ್ತಿದೆ ಅಂತ ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ.

ಇದನ್ನೆಲ್ಲ ನೋಡಲು ರೋಮಿಗೇ ಹೋಗಬೇಕಿಲ್ಲ. ಓಲ್ಡ್ ಗೋವಾದ ಬೊಮ್ ಜೀಸಸ್ ಚರ್ಚಿಗೆ ನಮ್ಮಲ್ಲಿ ಎಷ್ಟೋ ಜನ ಹೋಗಿದ್ದೀರಿ. ಎಲ್ಲರೂ ಕತ್ತೆತ್ತಿ ಸಂತ ಫ್ರಾನ್ಸಿಸ್ ಸೇವಿಯರರ ಬೆಳ್ಳಿ ಪೆಟ್ಟಿಗೆ ನೋಡುತ್ತಾರೆ. ಅದು ಗೋವಾದ ಅಕ್ಕಸಾಲಿಗರ ಕೆಲಸ. ಅದರ ಕೆಳಗಿನ ಪೀಠ ಫ್ಲಾರೆನ್ಸಿನ ಬರೋಕ್ ಶಿಲ್ಪಿ ಜೊವಾನ್ನಿ ಬತ್ತಿಸ್ತಾ ಫೊಜ್ಜಿನಿಯದು. ಟಸ್ಕನಿಯ ದೊರೆ ಮೂರನೇ ಕೊಸಿಮೊ ಮಾಡಿಸಿ ಕಳಿಸಿದ್ದು. ಹಡಗಿನಲ್ಲಿ ಬಂದು 1698ರಲ್ಲಿ ಅಲ್ಲಿ ನಿಂತಿತು. ಪೀಠದ ನಾಲ್ಕೂ ಕಡೆ ಕಂಚಿನ ಫಲಕಗಳಿವೆ. ಒಂದರಲ್ಲಿ ಸೇವಿಯರ್ ಚೀನಾ ಹತ್ತಿರದ ದ್ವೀಪದಲ್ಲಿ ಕೊನೆಯುಸಿರು ಎಳೆಯುತ್ತಿದ್ದಾರೆ. ಅದರ ಮುಂದೆಯೇ ಜನ ಮೇಲೆ ನೋಡುತ್ತಾ ಸಾಲಿನಲ್ಲಿ ಮುಂದಕ್ಕೆ ಹೋಗುತ್ತಿರುತ್ತಾರೆ.

ನಮಸ್ಕಾರ.